ಬೆರೆಸಿದ್ದು, ಮೇಲಿಟ್ಟದ್ದು

ಬರ್ಗರಿಗೆ ರುಚಿ ಬರುವುದು ಎರಡು ಕಡೆಯಿಂದ. ಟಿಕ್ಕಿ ತಟ್ಟುವ ಮೊದಲೇ ಹೂರಣದಲ್ಲಿ ಕಲಸಿದ ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಒಂದು ಕಡೆ. ಬೆಂದ ಟಿಕ್ಕಿಯನ್ನು ಪಾವಿನಲ್ಲಿಟ್ಟು ಅದರ ಮೇಲೆ ಹರಡುವ ಚಟ್ನಿ, ಟೊಮೆಟೊ, ಸೌತೆಕಾಯಿ, ಚೀಸ್, ಹುರಿದ ಹಸಿಮೆಣಸು ಇನ್ನೊಂದು ಕಡೆ. ರುಚಿಯನ್ನಷ್ಟೇ ನೋಡುವವರಿಗೆ ಇವೆರಡರ ನಡುವೆ ಹೆಚ್ಚು ಅಂತರ ಕಾಣದು. ಮುಂಬಯಿಯ ಕನ್ನಡ ಮನೆಗಳಲ್ಲಿ ಆ ಅಂತರ ಬಹಳ ದೊಡ್ಡದು. ಮುಲುಂಡಿನಲ್ಲೋ ಡೊಂಬಿವಿಲಿಯಲ್ಲೋ ಮಗುವಿನ ಹುಟ್ಟುಹಬ್ಬಕ್ಕೆ ಬರ್ಗರ್ ಮಾಡಿದರೆ ತಿನ್ನಲು ಕೂರುವವರಲ್ಲಿ ಎದುರು ಮನೆಯ ಗುಜರಾತಿ ಜೈನರಿರುತ್ತಾರೆ, ಊರಿನಿಂದ ಬಂದ ಮಾಧ್ವ ಅಜ್ಜಿ ಇರುತ್ತಾರೆ, ಕುಂದಾಪುರ ಕಡೆಯ ಬಂಟರು, ಮಂಗಳೂರಿನ ಕ್ಯಾಥೊಲಿಕರು, ಬ್ಯಾರಿ ಗೆಳೆಯರು ಇರುತ್ತಾರೆ. ಒಬ್ಬರಿಗೆ ಸಲ್ಲುವುದು ಇನ್ನೊಬ್ಬರಿಗೆ ಸಲ್ಲದು. ಹೀಗಾಗಿ ಟಿಕ್ಕಿಯ ಮಸಾಲೆ ಹಳೆಯದೊಂದು ಪ್ರಶ್ನೆಯನ್ನು ಮತ್ತೆ ಎದುರಿಗಿಡುತ್ತದೆ: ಆಹಾರದ ಶುದ್ಧಿ ಇರುವುದು ವಸ್ತುವಿನಲ್ಲೋ, ಅದನ್ನು ಮಾಡಿದ ಕೈಯಲ್ಲೋ, ತಿನ್ನುವವರ ಮನಸ್ಸಿನಲ್ಲೋ?

ಈ ಚರ್ಚೆಯ ಬೇರು ಛಾಂದೋಗ್ಯ ಉಪನಿಷತ್ತಿನ ಏಳನೆಯ ಅಧ್ಯಾಯದಲ್ಲಿದೆ. ಆಹಾರ ಶುದ್ಧವಾದರೆ ಅಂತಃಕರಣ ಶುದ್ಧವಾಗುತ್ತದೆ, ಅದರಿಂದ ಸ್ಮೃತಿ ದೃಢವಾಗುತ್ತದೆ, ಸ್ಮೃತಿ ದೃಢವಾದಾಗ ಗಂಟುಗಳೆಲ್ಲ ಬಿಚ್ಚಿಕೊಳ್ಳುತ್ತವೆ ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಶಂಕರಾಚಾರ್ಯರ ಪ್ರಕಾರ ಆಹಾರವೆಂದರೆ ಇಂದ್ರಿಯಗಳು ಒಳಗೆ ತರುವುದೆಲ್ಲ. ಕಿವಿ ಕೇಳಿದ್ದೂ ಕಣ್ಣು ಕಂಡದ್ದೂ ಆಹಾರವೇ. ರಾಗ, ದ್ವೇಷ, ಮೋಹಗಳ ಸೋಂಕಿಲ್ಲದೆ ಅದನ್ನು ಸ್ವೀಕರಿಸುವುದೇ ಶುದ್ಧಿ. ರಾಮಾನುಜರ ಪರಂಪರೆ ಅದೇ ಪದವನ್ನು ಬಾಯಿಂದ ತಿನ್ನುವ ಅನ್ನ ಎಂದೇ ತೆಗೆದುಕೊಂಡು ಅನ್ನಕ್ಕೆ ಅಂಟುವ ಮೂರು ದೋಷಗಳನ್ನು ಹೇಳುತ್ತದೆ. ವಸ್ತುವಿನ ಸ್ವಭಾವದಲ್ಲೇ ಇರುವುದು ಜಾತಿದೋಷ. ಅದು ಯಾರಿಂದ ಬಂತು ಎಂಬುದರಿಂದ ಹುಟ್ಟುವುದು ಆಶ್ರಯದೋಷ. ಕೂದಲು, ಧೂಳು, ಎಂಜಲು ತಾಗಿ ಬರುವುದು ನಿಮಿತ್ತದೋಷ. ಮೂರನೆಯದರ ಬಗ್ಗೆ ಯಾರದೂ ತಕರಾರಿಲ್ಲ, ಕೈ ತೊಳೆದು ಅಡುಗೆ ಮಾಡಬೇಕೆಂದು ಎಲ್ಲರೂ ಒಪ್ಪುತ್ತಾರೆ. ಜಗಳವೆಲ್ಲ ಮೊದಲ ಎರಡರ ಮೇಲೆ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಸಾತ್ವಿಕ, ರಾಜಸ, ತಾಮಸ ಎಂದು ಮೂರು ಬಗೆಯ ಆಹಾರ ಹೇಳುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ಒಂದು ತರಕಾರಿಯ ಹೆಸರೂ ಇಲ್ಲ, ಒಂದು ಮಾಂಸದ ಹೆಸರೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಗಳ ಸುದ್ದಿಯೇ ಇಲ್ಲ. ರಾಜಸ ಆಹಾರದ ವಿವರಣೆ ಪೂರ್ತಿ ರುಚಿಯ ಲಕ್ಷಣಗಳಲ್ಲಿದೆ: ಅತಿ ಖಾರ, ಅತಿ ಹುಳಿ, ಅತಿ ಉಪ್ಪು, ಅತಿ ಬಿಸಿ, ತೀಕ್ಷ್ಣ, ಒಣಕಲು, ಉರಿ ತರುವಂಥದು. ಇದರಂತೆ ನೋಡಿದರೆ ಬರ್ಗರಿನ ಆಲೂಗಡ್ಡೆಗಿಂತ ಅದರ ಮೇಲಿನ ಮೆಣಸು, ಉಪ್ಪಿನಕಾಯಿ, ಸಾಸಿವೆ ಸಾಸುಗಳೇ ಹೆಚ್ಚು ವಿಚಾರಣೆಗೆ ಒಳಗಾಗಬೇಕು. ತಾಮಸದ ಪಟ್ಟಿಯಲ್ಲಿ ಹೊತ್ತು ಮೀರಿದ್ದು, ರಸ ಆರಿದ್ದು, ರಾತ್ರಿ ಕಳೆದದ್ದು ಬರುತ್ತವೆ. ಹಿಂದಿನ ದಿನ ಸುಟ್ಟ ಪಾವು ಈ ಲೆಕ್ಕದಲ್ಲಿ ಹಳಸಿದ ಅನ್ನವೇ. ಎಣ್ಣೆ ತುಪ್ಪ ಸೇರಿದ ತಿನಿಸು ರಾತ್ರಿ ಕಳೆದರೂ ತಿನ್ನಬಹುದೆಂದು ಮನುಸ್ಮೃತಿ ವಿನಾಯಿತಿ ಕೊಟ್ಟಿದೆ. ಪಾವನ್ನು ಬೆಣ್ಣೆಯಲ್ಲಿ ಬಿಸಿ ಮಾಡಿದ ಮಾತ್ರಕ್ಕೆ ಆ ವಿನಾಯಿತಿ ಸಿಗುತ್ತದೆಂದು ವಾದಿಸುವುದು ಕಷ್ಟ. ಆದರೆ ಶಾಸ್ತ್ರವೂ ಅಡುಗೆಮನೆಯ ಅನುಭವವನ್ನು ಕಣ್ಣಿಟ್ಟು ನೋಡಿದೆ ಎಂಬುದು ಅದರಿಂದ ತಿಳಿಯುತ್ತದೆ.

ಈರುಳ್ಳಿ ಬೆಳ್ಳುಳ್ಳಿಗಳ ನಿಷೇಧ ನೇರವಾಗಿ ಬರುವುದು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ, ಅಣಬೆಯ ಜೊತೆಗೆ. ಅವು ಮನಸ್ಸನ್ನು ಕೆರಳಿಸುತ್ತವೆ, ಮಂಕಾಗಿಸುತ್ತವೆ ಎಂಬ ಸಮಜಾಯಿಷಿ ಇಂದು ಹೆಚ್ಚು ಬಳಕೆಯಲ್ಲಿದೆ. ಜೈನರ ನಿಷೇಧ ಹೊರಗಿನಿಂದ ಅದೇ ರೀತಿ ಕಂಡರೂ ಅದರ ತರ್ಕ ಬೇರೆ. ನೆಲದಡಿ ಬೆಳೆಯುವ ಕಂದಮೂಲದ ಒಂದೇ ಶರೀರದಲ್ಲಿ ಅನಂತ ಜೀವಗಳು ವಾಸಿಸುತ್ತವೆ, ಅದನ್ನು ಕಿತ್ತು ಕತ್ತರಿಸಿದರೆ ಅಷ್ಟೂ ಜೀವಗಳ ಹಿಂಸೆ ಎಂದು ಆ ದರ್ಶನ ಹೇಳುತ್ತದೆ. ಅದಕ್ಕೇ ಅವರಿಗೆ ಈರುಳ್ಳಿಯೊಂದಿಗೆ ಆಲೂಗಡ್ಡೆ, ಗಜ್ಜರಿ, ಮೂಲಂಗಿ, ಹಸಿಶುಂಠಿಯೂ ವರ್ಜ್ಯ. ಅದೇ ಶುಂಠಿ, ಅದೇ ಅರಿಸಿನ ತಾನಾಗಿ ಒಣಗಿದ ಮೇಲೆ ಹಲವು ಜೈನ ಮನೆಗಳಲ್ಲಿ ಸಲ್ಲುತ್ತದೆ, ಏಕೆಂದರೆ ಆಗ ಅದು ಜೀವ ತುಂಬಿದ ಗಡ್ಡೆಯಲ್ಲ. ಇಲ್ಲಿ ಪ್ರಶ್ನೆ ತಿನ್ನುವವರ ಚಿತ್ತ ಏನಾಗುತ್ತದೆ ಎಂಬುದಲ್ಲ, ತಿನ್ನಿಸಿಕೊಂಡದ್ದಕ್ಕೆ ಏನಾಯಿತು ಎಂಬುದು. ಒಂದು ನಿಷೇಧದ ಕಣ್ಣು ಒಳಮುಖ, ಇನ್ನೊಂದರದು ಹೊರಮುಖ. ಎರಡನ್ನೂ ‘ಸಾತ್ವಿಕ’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕುವುದು ಜೈನ ಚಿಂತನೆಗೆ ಮಾಡುವ ಅನ್ಯಾಯ.

ಆಲೂಗಡ್ಡೆ ಈ ಭೇದವನ್ನು ಬಹಳ ಚೆನ್ನಾಗಿ ತೋರಿಸುತ್ತದೆ. ಏಕಾದಶಿಯ ದಿನ ಮುಂಬಯಿಯ ಮರಾಠಿ ಮನೆಗಳಲ್ಲಿ ಧಾನ್ಯ ಬಿಟ್ಟು ಬಟಾಟೆ, ಸಾಬುದಾಣೆ, ಶೇಂಗಾ ತಿನ್ನುತ್ತಾರೆ. ಅವರಿಗೆ ಬಟಾಟೆ ಉಪವಾಸದ ಆಹಾರ. ಪಕ್ಕದ ಜೈನ ಮನೆಗೆ ಅದು ವರ್ಷದ ಯಾವ ದಿನಕ್ಕೂ ಬಾರದ ವಸ್ತು. ನಿಷ್ಠ ಮಾಧ್ವರಿಗೆ ಏಕಾದಶಿಯಂದು ಬಟಾಟೆಯೂ ಇಲ್ಲ, ಅನ್ನವೂ ಇಲ್ಲ, ಕೆಲವರಿಗೆ ನೀರೂ ಇಲ್ಲ. ಒಂದೇ ಮಹಡಿಯ ಮೂರು ಬಾಗಿಲುಗಳ ಹಿಂದೆ ಒಂದೇ ಗಡ್ಡೆಗೆ ಮೂರು ಸ್ಥಾನಗಳಿವೆ ಎಂದಮೇಲೆ ದೋಷ ಗಡ್ಡೆಯೊಳಗೇ ಕೂತಿದೆ ಎನ್ನುವುದು ಸುಲಭವಲ್ಲ. ಅದು ವ್ರತದಲ್ಲಿದೆ, ವ್ರತ ಹಿಡಿದವರ ಮಾತಿನಲ್ಲಿದೆ. ಹಾಗೆಂದು ವ್ರತ ಹಗುರವಾಗುವುದಿಲ್ಲ. ಕೊಟ್ಟ ಮಾತು ಕೊಟ್ಟವರ ಪಾಲಿಗೆ ಗಡ್ಡೆಗಿಂತ ಗಟ್ಟಿ.

ಈ ವ್ರತಗಳ ಅಡುಗೆಯನ್ನು ಮುಂಬಯಿಯ ಬೀದಿಗೆ ತಂದವರಲ್ಲಿ ಕರಾವಳಿಯ ಕನ್ನಡಿಗರು, ತುಳುವರು, ಕೊಂಕಣಿಗರು ಮುಖ್ಯರು. ಉಡುಪಿಯ ಅಷ್ಟಮಠಗಳ ಪಾಕಶಾಲೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ ಎಂದು ಕ್ರಮವಾಗಿ ತರಕಾರಿ, ಮೊಸರು, ಹಾಲು, ಬೇಳೆಕಾಳುಗಳನ್ನು ಬಿಡುತ್ತಾರೆ. ಇಷ್ಟೆಲ್ಲ ಬಿಟ್ಟೂ ರುಚಿಯಾಗಿ ಬೇಯಿಸಬೇಕಾದ ಅಡುಗೆಯವರು ಇಂಗು, ಜೀರಿಗೆ, ಕಾಳುಮೆಣಸು, ತೆಂಗಿನಕಾಯಿಗಳ ಹದವನ್ನು ತಲೆಮಾರುಗಳಿಂದ ಪಳಗಿಸಿದರು. ಮಾಟುಂಗಾದ ರೈಲು ನಿಲ್ದಾಣದ ಮಗ್ಗುಲಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅಂಥ ಊಟದ ಮನೆಗಳಲ್ಲಿ ಹೆಸರಾದದ್ದು. ಉಡುಪಿಯ ಮಠದಲ್ಲಿ ಪಂಕ್ತಿಭೇದ ಬಹುಕಾಲದಿಂದ ವಾದದ ವಿಷಯವಾಗಿದೆ. ಮುಂಬಯಿಯ ಉಡುಪಿ ಹೋಟೆಲಿನಲ್ಲಿ ಖಾಲಿ ಕುರ್ಚಿ ಯಾರಿಗೆ ಸಿಕ್ಕಿತೋ ಅವರ ಪಂಕ್ತಿ. ಅಡುಗೆಯ ಕ್ರಮ ಉಳಿಯಿತು, ಕೂರುವ ಕ್ರಮ ಹೋಯಿತು. ಮುಂದೆ ಅದೇ ಹೋಟೆಲುಗಳು ಮಸಾಲೆದೋಸೆಯ ಮಡಿಕೆಯೊಳಗೆ ಆಲೂ ಈರುಳ್ಳಿ ಪಲ್ಯ ಇಟ್ಟವು, ಪಾವ್‌ಭಾಜಿ ಹಾಕಿದವು, ನಂತರ ಮೆನುವಿನಲ್ಲಿ ‘ಜೈನ್’ ಎಂಬ ಸಾಲು ಸೇರಿಸಿದವು. ಆ ಸಾಲಿನಲ್ಲಿ ಬಟಾಟೆಯ ಜಾಗಕ್ಕೆ ಬಾಳೆಕಾಯಿ ಬಂದಿರುತ್ತದೆ.

ಇಂಗಿನ ವಿಚಾರ ಸ್ವಲ್ಪ ನಿಂತು ನೋಡುವಂಥದು. ಇರಾನ್, ಅಫ್ಘಾನಿಸ್ತಾನಗಳ ಒಣನೆಲದಲ್ಲಿ ಬೆಳೆಯುವ ಗಿಡದ ಬೇರನ್ನು ಗೀರಿ ತೆಗೆದ ಅಂಟು ಅದು. ಅದರ ವಾಸನೆಗೂ ಈರುಳ್ಳಿ ಬೆಳ್ಳುಳ್ಳಿಗಳ ವಾಸನೆಗೂ ಕಾರಣ ಗಂಧಕ ಸೇರಿದ ಸಂಯುಕ್ತಗಳು. ಎಣ್ಣೆಯಲ್ಲಿ ಇಂಗು ಸಿಡಿದಾಗ ಬಾಯಿಗೆ ಬರುವುದು ಬೆಳ್ಳುಳ್ಳಿಯ ನೆನಪೇ. ಅಂದಮೇಲೆ ವರ್ಜ್ಯವಾದದ್ದು ರುಚಿಯಲ್ಲ, ಪರಿಮಳವೂ ಅಲ್ಲ, ಆ ವಸ್ತು ಮಾತ್ರ. ಬಿಡುವುದೂ ಸುಖಪಡುವುದೂ ಒಂದೇ ಒಗ್ಗರಣೆಯಲ್ಲಿ ಕೂಡಿರಬಹುದು ಎಂದು ಮಠದ ಅಡುಗೆಯವರು ಮಾತಿಲ್ಲದೆ ತೋರಿಸಿದ್ದಾರೆ.

ಆಶ್ರಯದೋಷದ ಕಥೆ ಇಷ್ಟು ಸೌಮ್ಯವಲ್ಲ. ಕೊಡುವವರ ನಡತೆ ಅನ್ನಕ್ಕೆ ಅಂಟುತ್ತದೆ ಎಂಬ ಮಾತು ಬಳಕೆಯಲ್ಲಿ ಕೊಡುವವರ ಹುಟ್ಟು ಅನ್ನಕ್ಕೆ ಅಂಟುತ್ತದೆ ಎಂದಾಯಿತು. ಮುಂಬಯಿಯಲ್ಲಿ ಇದರ ಬಿಸಿ ತಾಗಿದ್ದು ಪಾವಿಗೆ. ಪಾವು ಪೋರ್ಚುಗೀಸರೊಂದಿಗೆ ಬಂದ ರೊಟ್ಟಿ, ಹೆಸರೂ ಅವರ ಭಾಷೆಯದೇ. ಸುಡುತ್ತಿದ್ದವರು ಹೆಚ್ಚಾಗಿ ಗೋವೆಯ ಕ್ರೈಸ್ತರು, ಆಮೇಲೆ ಇರಾನಿಗಳು, ಮುಸಲ್ಮಾನರು. ಹಿಂದೂ ಮನೆಗಳಲ್ಲಿ ಅದನ್ನು ಮುಟ್ಟಿದರೆ ಜಾತಿ ಕೆಟ್ಟಿತೆಂಬ ಅಂಜಿಕೆ ಇತ್ತು. 1849ರಲ್ಲಿ ದಾದೋಬಾ ಪಾಂಡುರಂಗ ಮತ್ತು ಗೆಳೆಯರು ಮುಂಬಯಿಯಲ್ಲಿ ಗುಟ್ಟಾಗಿ ಕಟ್ಟಿದ ಪರಮಹಂಸ ಮಂಡಳಿ ಈ ಅಂಜಿಕೆಯನ್ನೇ ದೀಕ್ಷೆಯನ್ನಾಗಿ ತಿರುಗಿಸಿತು. ಸೇರುವವರು ಕ್ರೈಸ್ತರು ಸುಟ್ಟ ರೊಟ್ಟಿಯ ತುಣುಕು ತಿನ್ನಬೇಕಿತ್ತು, ಮುಸಲ್ಮಾನರು ತಂದ ನೀರು ಕುಡಿಯಬೇಕಿತ್ತು. 1860ರಲ್ಲಿ ಸದಸ್ಯರ ಹೆಸರುಗಳು ಹೊರಬಿದ್ದವು, ಮಂಡಳಿ ಚೆದುರಿತು. ಅದರ ವಿಚಾರ 1867ರ ಪ್ರಾರ್ಥನಾ ಸಮಾಜದಲ್ಲಿ ಬಹಿರಂಗವಾಗಿ ಮುಂದುವರಿಯಿತು. 1890ರಲ್ಲಿ ಪುಣೆಯ ಪಂಚಹೌದ್ ಕ್ರೈಸ್ತ ಮಿಷನ್ನಿನಲ್ಲಿ ಚಹಾ ಸ್ವೀಕರಿಸಿದ ಪ್ರಕರಣದಲ್ಲಿ ರಾನಡೆ, ತಿಲಕರಂಥವರೂ ಪ್ರಾಯಶ್ಚಿತ್ತದ ಇಕ್ಕಟ್ಟಿಗೆ ಸಿಕ್ಕಿದರು. ಇಂದು ದಾದರಿನ ಸ್ಟೇಷನ್ ಹೊರಗೆ ವಡಾಪಾವ್ ತಿನ್ನುವವರಲ್ಲಿ ಯಾರೂ ಪಾವು ಯಾರು ಸುಟ್ಟರೆಂದು ಕೇಳುವುದಿಲ್ಲ. ಒಂದು ಕಾಲಕ್ಕೆ ಜಾತಿಯನ್ನೇ ಪಣಕ್ಕಿಟ್ಟು ತಿಂದ ತುಣುಕು ನಗರದ ದಿನನಿತ್ಯದ ತಿಂಡಿಯಾಗಿದೆ. ಆಶ್ರಯದೋಷದ ಜಾತಿ ವ್ಯಾಖ್ಯಾನ ಪಾವಿನ ಮಟ್ಟಿಗೆ ಸೋತಿದೆ, ಮತ್ತು ಅದು ಸೋತದ್ದು ಒಳ್ಳೆಯದೇ ಆಯಿತು.

ಮಾಂಸದ ಬರ್ಗರಿಗೆ ಬಂದರೆ ನಿಯಮಗಳು ಇನ್ನೂ ಹತ್ತಿರ ಹತ್ತಿರ ಹೆಣೆದಿವೆ. ಜರ್ಮನಿಯ ಹ್ಯಾಂಬರ್ಗ್ ನಗರದ ಹೆಸರು ಹೊತ್ತ ಈ ತಿನಿಸು ಅಮೆರಿಕದಲ್ಲಿ ದನದ ಮಾಂಸದ್ದು. ಮಹಾರಾಷ್ಟ್ರದಲ್ಲಿ 1976ರ ಕಾನೂನು ಗೋಹತ್ಯೆಯನ್ನು ನಿಷೇಧಿಸಿತ್ತು. ಎತ್ತು ಹೋರಿಗಳನ್ನೂ ಸೇರಿಸಿದ 1995ರ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2015ರಲ್ಲಿ. ಮೆಕ್‌ಡೊನಾಲ್ಡ್ಸ್ 1996ರಲ್ಲಿ ಬಾಂದ್ರಾದಲ್ಲಿ ಅಂಗಡಿ ತೆರೆದಾಗ ದನ, ಹಂದಿ ಎರಡನ್ನೂ ಕೈಬಿಟ್ಟಿತು, ಸಸ್ಯಾಹಾರದ ಅಡುಗೆಗೆ ಬೇರೆ ಜಾಗ ಮಾಡಿತು, ಮೊಟ್ಟೆಯಿಲ್ಲದ ಮೇಯನೇಸ್ ಬಳಸಿತು. ಅಂದರೆ ವ್ಯಾಪಾರಕ್ಕೂ ಮೊದಲು ಕಾಡಿದ್ದು ಬರ್ಗರಿನ ಒಳಗೂ ಮೇಲೂ ಏನಿರಬೇಕು ಎಂಬ ಇದೇ ಪ್ರಶ್ನೆ. ಕನ್ನಡ ಮನೆಗಳಲ್ಲಿ ಕೋಳಿಯ ಅಥವಾ ಕುರಿಯ ಖೀಮಾ ಟಿಕ್ಕಿಯಾಗುತ್ತದೆ. ಕುಂದಾಪುರದ ಮಸಾಲೆಪುಡಿಯೋ, ಕ್ಯಾಥೊಲಿಕರ ಬಫಾತ್ ಪುಡಿಯೋ ಅದಕ್ಕೆ ಬೀಳುತ್ತದೆ. ಅಲ್ಲೂ ವಾರ ನೋಡುತ್ತಾರೆ: ಸೋಮವಾರ ಬೇಡ, ಸಂಕಷ್ಟಿಗೆ ಬೇಡ, ಶುಭಶುಕ್ರವಾರ ಬೇಡ. ಬ್ಯಾರಿ ಮನೆಯವರಿಗೆ ಮಾಂಸ ಹಲಾಲ್ ಆಗಿರಬೇಕು.

ಮೇಲಿನ ಪದರವೊಂದೇ ಇಡೀ ತಿನಿಸಿನ ಸ್ಥಿತಿ ಬದಲಿಸಬಲ್ಲದು ಎನ್ನುವುದಕ್ಕೆ ಮುಂಬಯಿಯ ಬೆನೆ ಇಸ್ರೇಲ್ ಯೆಹೂದ್ಯರ ನಿಯಮ ಸ್ಪಷ್ಟ ನಿದರ್ಶನ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ತೋರಾದ ವಿಧಿಯಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಕೂಡಿಸಬಾರದೆಂಬ ನಿಯಮ ಬೆಳೆಯಿತು. ಸರಿಯಾಗಿ ಕೊಯ್ದ ಮಾಂಸ ಶುದ್ಧ, ಚೀಸೂ ಶುದ್ಧವಿರಬಹುದು. ಒಂದರ ಮೇಲೊಂದು ಇಟ್ಟರೆ ಎರಡೂ ವರ್ಜ್ಯ. ಬೆನೆ ಇಸ್ರೇಲರು ಮಾಂಸದ ಸಾರಿಗೆ ಮೊಸರಿನ ಬದಲು ಕೊಂಕಣ ತೀರದ ತೆಂಗಿನ ಹಾಲು ಹಾಕಲು ಕಲಿತದ್ದು ಇದೇ ಕಾರಣಕ್ಕೆ. ಇಲ್ಲಿ ದೋಷ ಯಾವ ವಸ್ತುವಿನಲ್ಲೂ ಇಲ್ಲ, ಕೂಡಿಕೆಯಲ್ಲಿದೆ. ಜಾತಿ, ಆಶ್ರಯ, ನಿಮಿತ್ತ ಎಂಬ ಮೂರರ ಲೆಕ್ಕಕ್ಕೆ ಇದು ಸಿಗುವುದಿಲ್ಲ. ಕ್ರೈಸ್ತರಲ್ಲಿ ಸಂತ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಇನ್ನೊಂದು ದಾರಿ ಹಿಡಿದ. ವಿಗ್ರಹಕ್ಕೆ ಒಪ್ಪಿಸಿದ ಮಾಂಸ ತಿಂದರೆ ತನಗೇನೂ ಬಾಧೆಯಿಲ್ಲ, ಆದರೆ ಅದನ್ನು ಕಂಡು ಸಹೋದರನ ಮನಸ್ಸು ಕದಡುವುದಾದರೆ ತಾನು ಆ ಮಾಂಸವನ್ನೇ ಬಿಡುತ್ತೇನೆ ಎಂಬುದು ಅವನ ನಿಲುವು. ತನ್ನ ಸ್ವಾತಂತ್ರ್ಯಕ್ಕೆ ಪಕ್ಕದವರ ಅಂತಃಸಾಕ್ಷಿಯನ್ನು ಅಳತೆಗೋಲು ಮಾಡುವ ಈ ವಿಚಾರ ಒಂದೇ ಮೇಜಿಗೆ ಹಲವರು ಕೂರುವ ನಗರಕ್ಕೆ ತೀರ ಹತ್ತಿರದ್ದು.

ಶಾಸ್ತ್ರದಲ್ಲಿ ಆಪತ್ತಿಗೆ ಸಡಿಲಿಕೆ ಇದೆ. ಛಾಂದೋಗ್ಯದ ಉಷಸ್ತಿ ಚಾಕ್ರಾಯಣನ ಕಥೆ ಅದಕ್ಕೆ ಆಧಾರ. ಬೆಳೆ ಹಾಳಾದ ಕುರುದೇಶದಲ್ಲಿ ಹಸಿದ ಆತ ಇನ್ನೊಬ್ಬರು ತಿಂದುಳಿಸಿದ ಕಾಳನ್ನು ಬೇಡಿ ತಿಂದ. ನೀರು ಕೊಟ್ಟಾಗ ಎಂಜಲೆಂದು ನಿರಾಕರಿಸಿದ. ಕಾಳು ತಿನ್ನದಿದ್ದರೆ ಜೀವ ಉಳಿಯುತ್ತಿರಲಿಲ್ಲ, ನೀರಾದರೆ ಬೇಕಾದಲ್ಲಿ ಸಿಗುತ್ತದೆ ಎಂಬುದು ಅವನ ವಿವರಣೆ. ಪ್ರಾಣಕ್ಕೆ ಕುತ್ತು ಬಂದಾಗ ಮಾತ್ರ ಎಲ್ಲ ಅನ್ನಕ್ಕೂ ಅನುಮತಿ ಎಂದು ಬ್ರಹ್ಮಸೂತ್ರದ ಮೂರನೆಯ ಅಧ್ಯಾಯ ಇದನ್ನು ಸೂತ್ರೀಕರಿಸಿತು. ಬರ್ಗರಿಗೆ ಈ ಬಾಗಿಲು ತೆರೆಯುವುದಿಲ್ಲ. ಹಸಿವಿನಿಂದ ಸಾಯುವವರು ಯಾರೂ ಚೀಸಿನ ಪದರ ಕೇಳುವುದಿಲ್ಲ. ಮೇಲಿನ ಅಲಂಕಾರ ಪೂರ್ತಿಯಾಗಿ ಆಸೆಯ ಕ್ಷೇತ್ರ. ಆದ್ದರಿಂದ ‘ಅನಿವಾರ್ಯ’ ಎಂಬ ನೆವ ಹೇಳಿ ಇನ್ನೊಬ್ಬರ ವ್ರತವನ್ನು ಸಡಿಲಿಸುವ ಹಕ್ಕು ಅಡುಗೆ ಮಾಡಿದವರಿಗಿಲ್ಲ. ವೀರಶೈವ ಶರಣರು ಆಸೆಯ ಈ ಕ್ಷೇತ್ರಕ್ಕೆ ಬೇರೆ ಉತ್ತರ ಕೊಟ್ಟರು. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದ ರುಚಿ ಪ್ರಸಾದ, ಅರ್ಪಿಸದೆ ಉಂಡದ್ದು ಬರಿಯ ಭೋಗ. ಇದು ಶಂಕರರ ವ್ಯಾಖ್ಯಾನದ ಬಳಿ ಸುಳಿಯುತ್ತದೆ: ನಾಲಿಗೆ ತಂದದ್ದನ್ನು ಮನಸ್ಸು ಹೇಗೆ ಹಿಡಿಯಿತು ಎನ್ನುವುದರಲ್ಲಿ ಶುದ್ಧಿ. ಆದರೆ ಈ ಉತ್ತರ ಉಣ್ಣುವವರು ತಮಗೆ ತಾವೇ ಹೇಳಿಕೊಳ್ಳಬೇಕಾದದ್ದು. ಉಣಬಡಿಸುವವರು ಅತಿಥಿಯ ಪರವಾಗಿ ಹೇಳುವಂತಿಲ್ಲ.

ಹಾಗಾದರೆ ಉಣಬಡಿಸುವವರ ಧರ್ಮವೇನು ಎಂಬುದಕ್ಕೆ ಅದೇ ಉಪನಿಷತ್ತಿನ ಇನ್ನೊಂದು ಪ್ರಸಂಗದಲ್ಲಿ ಸುಳಿವಿದೆ. ಉದ್ದಾಲಕನು ಮಗ ಶ್ವೇತಕೇತುವಿಗೆ ನೀರಿನಲ್ಲಿ ಉಪ್ಪು ಹಾಕಿಡಲು ಹೇಳುತ್ತಾನೆ, ಬೆಳಗ್ಗೆ ಅದನ್ನು ಮರಳಿ ತೆಗೆದುಕೊಡು ಎನ್ನುತ್ತಾನೆ. ಕೈಗೆ ಉಪ್ಪು ಸಿಗುವುದಿಲ್ಲ. ಮೇಲಿನಿಂದ, ನಡುವಿನಿಂದ, ತಳದಿಂದ ಎಲ್ಲಿ ಕುಡಿದರೂ ಉಪ್ಪೇ. ಕಾಣದೆ ಎಲ್ಲೆಲ್ಲೂ ಇರುವ ಸತ್ತನ್ನು ತಿಳಿಸಲು ಅವನು ಕಂಡುಕೊಂಡ ಉಪಮೆ ಇದು. ಅಡುಗೆಯವರಿಗೆ ಇದೇ ಉಪಮೆ ಎಚ್ಚರವೂ ಹೌದು, ಬೆರೆಸಿದ್ದನ್ನು ಮರಳಿ ತೆಗೆಯಲಾಗದು. ಟಿಕ್ಕಿಯಲ್ಲಿ ಕಲಸಿದ ಬೆಳ್ಳುಳ್ಳಿ ಎಲ್ಲರ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ. ಮೇಲಿಟ್ಟ ಈರುಳ್ಳಿಯ ಬಿಲ್ಲೆ ಆ ತೀರ್ಮಾನವನ್ನು ತಿನ್ನುವವರ ಕೈಗೇ ಬಿಡುತ್ತದೆ. ಪಾವ್‌ಭಾಜಿಯಲ್ಲಿ ಎಲ್ಲವೂ ತವೆಯ ಮೇಲೆ ಜಜ್ಜಿ ಒಂದಾಗುತ್ತದೆ, ಅಲ್ಲಿ ಆಯ್ಕೆಗೆ ಎಡೆಯಿಲ್ಲ. ಮುಂಬಯಿಯ ಬೀದಿಯ ಸ್ಯಾಂಡ್‌ವಿಚ್ ಮಾಡುವವರದು ಇದಕ್ಕೆ ವಿರುದ್ಧದ ಕಲೆ. ಹಸಿರು ಚಟ್ನಿ ಸವರಿ ಬೀಟ್‌ರೂಟ್, ಸೌತೆ, ಟೊಮೆಟೊ ಒಂದೊಂದೇ ಪದರ ಇಡುತ್ತ ಅವರು ಈರುಳ್ಳಿ ಬೇಕೇ ಎನ್ನುವುದಕ್ಕೆ ‘ಕಾಂದಾ?’ ಎಂದು ಕೇಳುತ್ತಾರೆ. ಆ ಒಂದು ಪದದಲ್ಲಿ ಎದುರಿನವರ ಕುಲಗೋತ್ರ ಕೆದಕದೆಯೇ ಅವರ ವ್ರತವನ್ನು ಗೌರವಿಸುವ ಪರಿ ಇದೆ.

ಒಳ್ಳೆಯ ಅಡುಗೆಯ ಲೆಕ್ಕವೂ ಇದರ ಜೊತೆಗೇ ಸಾಗುತ್ತದೆ. ಖೀಮಾಕ್ಕೆ ಉಪ್ಪು ಮೊದಲೇ ಕಲಸಿದರೆ ಅದು ಮಾಂಸದ ಪ್ರೋಟೀನನ್ನು ಕರಗಿಸಿ ಅಂಟಾಗಿಸುತ್ತದೆ, ಟಿಕ್ಕಿ ಬಿಗಿದು ರಬ್ಬರಿನಂತಾಗುತ್ತದೆ. ಹಗುರ ಕೈಯಲ್ಲಿ ತಟ್ಟಿ, ತವೆಗೆ ಹಾಕುವ ಹೊತ್ತಿಗೆ ಮಾತ್ರ ಹೊರಮೈಗೆ ಉಪ್ಪು, ಕಾಳುಮೆಣಸು ಉದುರಿಸಿದರೆ ಒಳಗೆ ಮೃದುವಾಗಿ ಉಳಿಯುತ್ತದೆ. ಬಟಾಟೆ, ಬಾಳೆಕಾಯಿಗಳ ಟಿಕ್ಕಿಗೆ ಉಪ್ಪು ಒಳಗೇ ಬೇಕು, ಇಲ್ಲವಾದರೆ ಸಪ್ಪೆ. ಉಪ್ಪನ್ನು ಬೆರೆಸಲು ಅಡ್ಡಿಯೂ ಕಡಿಮೆ, ಏಕೆಂದರೆ ಬಹುತೇಕ ವ್ರತಗಳು ಅದನ್ನು ಒಪ್ಪುತ್ತವೆ. ಉಪವಾಸದವರಿಗೆ ಸೈಂಧವ ಲವಣ ಬಳಸಿದರಾಯಿತು. ಹಸಿ ಈರುಳ್ಳಿಯನ್ನು ಹೂರಣಕ್ಕೆ ಹೆಚ್ಚಿ ಹಾಕಿದರೆ ಉಪ್ಪು ಅದರ ನೀರನ್ನು ಎಳೆದು ಟಿಕ್ಕಿ ತವೆಯ ಮೇಲೆ ಒಡೆಯುತ್ತದೆ. ನೆನೆಸಿ ಹಿಂಡಿದ ಅವಲಕ್ಕಿ ಒಳ್ಳೆಯ ಬಂಧ. ಒಳಗೆ ಉಪ್ಪು, ಜೀರಿಗೆ, ಇಂಗು, ಒಣಶುಂಠಿ, ಅರಿಸಿನ ಇಷ್ಟಿದ್ದರೆ ಸಾಕು. ಬೆಳ್ಳುಳ್ಳಿಯ ಒಣಚಟ್ನಿ, ಈರುಳ್ಳಿಯ ಬಿಲ್ಲೆ, ಉಪ್ಪು ಸವರಿ ಹುರಿದ ಹಸಿಮೆಣಸು, ಹುಣಸೆ ಖರ್ಜೂರದ ಚಟ್ನಿ, ಉತ್ತರ ಕರ್ನಾಟಕದ ಶೇಂಗಾ ಅಥವಾ ಗುರೆಳ್ಳು ಚಟ್ನಿಪುಡಿ, ಗಟ್ಟಿ ಮೊಸರಿನ ಸಾಸು, ಹಸಿರು ಚುಕ್ಕೆಯ ಚೀಸ್, ಇವೆಲ್ಲ ಬೇರೆ ಬೇರೆ ಬಟ್ಟಲಿನಲ್ಲಿ, ಬೇರೆ ಬೇರೆ ಚಮಚದೊಂದಿಗೆ ಮೇಜಿಗೆ ಬರಬೇಕು. ಚಮಚ ಬದಲಾದರೆ ಬಟ್ಟಲು ಬೇರೆ ಇಟ್ಟದ್ದು ವ್ಯರ್ಥ.

ಇಷ್ಟಾದರೂ ತವೆ ಒಂದೇ ಇರುತ್ತದೆ. ಮುಂಬಯಿಯ ಅಡುಗೆಮನೆ ಚಿಕ್ಕದು, ಎರಡು ತವೆಗೆ ಎಲ್ಲ ಮನೆಯಲ್ಲೂ ಜಾಗವಿಲ್ಲ. ಮಾಂಸ ಬೇಯುವ ಮನೆಯಲ್ಲಿ ನೀರನ್ನೂ ಮುಟ್ಟದ ಅಜ್ಜಿಗೆ ಬಾಳೆಹಣ್ಣು, ಎಳನೀರು ಇಟ್ಟರೆ ಅವರಿಗೆ ಮುಜುಗರವಿಲ್ಲ. ಉಳಿದವರ ಮಟ್ಟಿಗೆ ಬೇಯಿಸುವ ಸರದಿಯಲ್ಲೇ ಪರಿಹಾರ ಸಿಗುತ್ತದೆ. ತೊಳೆದ ತವೆಯ ಮೇಲೆ ಮೊದಲು ಪಾವು ಬಿಸಿಯಾಗಬೇಕು, ಆಮೇಲೆ ಬಾಳೆಕಾಯಿಯ ಟಿಕ್ಕಿ, ಅದಾದ ಮೇಲೆ ಬಟಾಟೆಯದು, ಖೀಮಾ ಕೊನೆಗೆ. ಕಟ್ಟುನಿಟ್ಟಿನ ವ್ರತದವರ ತಟ್ಟೆ ಮೊದಲು ತುಂಬುತ್ತದೆ, ಏನನ್ನೂ ಬಿಡದವರು ಕೊನೆಯವರೆಗೆ ಕಾಯುತ್ತಾರೆ.